ಹಿಡಿ ಅಕ್ಕಿಯ ಸಿಸ್ಟರಮ್ಮ

ಸಿಸ್ಟರಮ್ಮ ತೀರಿಕೊಂಡ ದಿನ ನಮ್ಮತ್ತೆ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ. ಸತ್ತವರು ನಮ್ಮ ಜಾತಿಯವರಲ್ಲ, ನಮ್ಮ ದೇವರಿಗೆ ಕೈ ಮುಗಿದವರಲ್ಲ, ನೆಂಟಸ್ತನವಂತೂ ಮೊದಲೇ ಇಲ್ಲ. "ಅಮ್ಮ, ಅವ್ರು ನಮಗೆ ಏನಾಗ್ಬೇಕು ಅಂತ ಇದೆಲ್ಲ?" ಎಂದು ನನ್ನ ಗಂಡ ಕೇಳಿದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಏನಾಗ್ಬೇಕೋ ನನಗ್ಗೊತ್ತಿಲ್ಲ. ಇವತ್ತು ಅನ್ನ ಗಂಟಲಲ್ಲಿ ಇಳಿಯಲ್ಲ. ನಿನಗೆ ಬೇಕಿದ್ರೆ ಹೋಟ್ಲಲ್ಲಿ ತಿನ್ಕೊಂಡ್ಬಾ" ಎಂದರು. ಇದೇ ಅತ್ತೆ ಹಿಂದೊಮ್ಮೆ ಸಿಸ್ಟರಮ್ಮನ ಜೊತೆ ಬೀದಿಗೆಲ್ಲ ಕೇಳುವಂತೆ ಜಗಳವಾಡಿದ್ದರು. ಆ ಜಗಳದ ಕಥೆ ಹೇಳದೆ ಸಿಸ್ಟರಮ್ಮ ಎಂಥವರೆಂದು ತಿಳಿಸುವುದು ನನಗೆ ಬಾರದು. ಅಲ್ಲಿಗೆ ಹೋಗುವ ಮೊದಲು ಅವರನ್ನು ನೀವು ಸ್ವಲ್ಪ ನೋಡಬೇಕು.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಹೊಗಳಲು ಬಾಯಿ ತೆರೆದರೆ, "ಸಾಕು ಸಾಕು, ಆ ಹೊತ್ತಲ್ಲಿ ಒಂದು ಗಾಯ ತೊಳೀಬಹುದು" ಎಂದು ಬಾಯಿ ಮುಚ್ಚಿಸುತ್ತಿದ್ದರು. ನಮ್ಮ ಲಿಂಗರಾಜಪುರದ ಕಡೆ ಅವರು ಎಲ್ಲರಿಗೂ ಸಿಸ್ಟರಮ್ಮ. ಸನ್ಯಾಸಿನಿಯಲ್ಲ, ನರ್ಸು. ಮಿಷನ್ ಆಸ್ಪತ್ರೆಯೊಂದರಲ್ಲಿ ವಾರ್ಡು ನೋಡಿಕೊಂಡು ನಿವೃತ್ತರಾಗಿದ್ದವರು. ಮದುವೆಯಾಗಿರಲಿಲ್ಲ. ರಿಚರ್ಡ್ಸ್ ಟೌನಿನ ಹಳೇ ಬಂಗಲೆಯೊಂದರ ಹಿಂಭಾಗದಲ್ಲಿ ಒಂದು ಕೋಣೆ, ಅದರಲ್ಲೊಂದು ಮಂಚ, ಸೀಮೆಣ್ಣೆ ಸ್ಟವ್, ಬ್ರೆಡ್ಡಿನ ಡಬ್ಬಿ. ಹಾಲು ಕಾಯಿಸುವುದು, ಮೊಟ್ಟೆ ಬೇಯಿಸುವುದು ಬಿಟ್ಟರೆ ಅಡುಗೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಹುಡುಗಿಯಾಗಿದ್ದಾಗ ನರ್ಸುಗಳ ಕ್ವಾರ್ಟರ್ಸ್ ಸೇರಿದವರು, ಮುದುಕಿಯಾಗುವ ತನಕ ಮೆಸ್ಸಿನ ತಟ್ಟೆಯಲ್ಲೇ ಉಂಡವರು. ನನ್ನ ಮನೆಯಲ್ಲಿ ಒಗ್ಗರಣೆ ಸಿಡಿದರೆ ಈ ಧೈರ್ಯಸ್ಥೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಕುಳ್ಳಗೆ, ಕಪ್ಪಗೆ, ಗಂಜಿ ಹಾಕಿದ ಬಿಳಿ ಸೀರೆ, ಸೀರೆಯ ಕೆಳಗೆ ಕಪ್ಪು ಬೂಟು, ಕಂಕುಳಲ್ಲಿ ಗಂಡಸರ ಛತ್ರಿ. ಆಗ ಇನ್ನೂ ಮೇಲ್ಸೇತುವೆ ಬಂದಿರಲಿಲ್ಲ. ರೈಲ್ವೆ ಗೇಟು ದಾಟಿ ನಮ್ಮ ಕಡೆಗೆ ನಡೆದು ಬರುವಾಗ, ದಾರಿಯಲ್ಲಿ ಸಿಕ್ಕವರನ್ನೆಲ್ಲ ತಮ್ಮ ವಾರ್ಡಿನ ಹಾಸಿಗೆಗಳಲ್ಲಿ ಮಲಗಿದವರಂತೆ ಒಂದೊಂದು ಸಲ ನೋಡಿಕೊಂಡು ಬರುತ್ತಿದ್ದರು. "ಏನು ಕಣ್ಣು ಹಳದಿಯಾಗಿದೆ? ಆಸ್ಪತ್ರೆಗೆ ಹೋದ್ಯಾ?" "ಆ ಕೆಮ್ಮು ಇನ್ನೂ ಬಿಟ್ಟಿಲ್ವಾ?" ಎಂಬ ವಿಚಾರಣೆಗೆ ಹೆದರಿ ಕೆಲವು ಗಂಡಸರು ಬೀಡಿ ಆರಿಸಿ ಸಂದಿಗೆ ನುಗ್ಗುತ್ತಿದ್ದರು.

ಅವರ ಬಾಯಲ್ಲಿ "ಅಯ್ಯೋ ಪಾಪ" ಎಂಬ ಮಾತನ್ನು ನಾನು ಒಂದು ಸಲವೂ ಕೇಳಲಿಲ್ಲ. ಶಿವಾಜಿನಗರದ ಮಾರ್ಕೆಟ್ಟಿಗೆ ನಾವಿಬ್ಬರೂ ಹೋದಾಗ ನೋಡಿದ್ದನ್ನು ಹೇಳುತ್ತೇನೆ. ಬಸ್ ನಿಲ್ದಾಣದ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಮುದುಕನ ಕಾಲಿನ ಹುಣ್ಣು ಹುಳು ಬಿದ್ದು ನಾರುತ್ತಿತ್ತು. ಹೋಗುವವರು ಮೂಗು ಮುಚ್ಚಿಕೊಂಡು ಚಿಲ್ಲರೆ ಎಸೆದು ಹೋಗುತ್ತಿದ್ದರು. ಸಿಸ್ಟರಮ್ಮ ಅವನ ಮುಂದೆ ಕುಕ್ಕರುಗಾಲಲ್ಲಿ ಕುಳಿತವರೇ ಬೈಯಲು ಶುರು ಮಾಡಿದರು. "ಹೋದ್ವಾರ ಕಟ್ಟಿದ ಬಟ್ಟೆ ಎಲ್ಲಿ? ಒದ್ದೆ ಮಾಡ್ಬೇಡ ಅಂದಿದ್ನಾ ಇಲ್ವಾ? ನಿನ್ನ ಕಾಲು ಅಂದ್ಕೊಂಡಿದ್ಯಾ ಇದು? ಇದಕ್ಕೆ ನಾನು ಕಷ್ಟಪಟ್ಟಿದೀನಿ, ಅರ್ಧ ನಂದು." ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದ. ಬೈಯುತ್ತ ಬೈಯುತ್ತಲೇ ಅವರ ಕೈ ಒಂದೊಂದೇ ಹುಳುವನ್ನು ಚಿಮಟದಲ್ಲಿ ಹಿಡಿದು ತೆಗೆಯುತ್ತಿತ್ತು. ನಾನು ನೋಡಲಾರದೆ ಬಾಳೆಹಣ್ಣಿನ ಗಾಡಿಯ ಹಿಂದೆ ಹೋಗಿ ನಿಂತೆ. ಆಮೇಲೆ, "ನಿಮಗೆ ಅಸಹ್ಯ ಆಗಲ್ವಾ ಸಿಸ್ಟರಮ್ಮ?" ಎಂದು ಕೇಳಿದೆ.

"ಆಗುತ್ತಮ್ಮ, ಯಾಕಾಗಲ್ಲ? ನನಗೂ ಮೂಗಿದೆ."

"ಮತ್ತೆ ಹೆಂಗ್ ಮಾಡ್ತೀರಿ?"

"ನನ್ನ ಇಷ್ಟ ಕೇಳ್ಕೊಂಡು ಮಾಡೋ ಕೆಲಸ ಅಲ್ಲ ಇದು. ಸ್ವಾಮಿ ಹಾಕಿರೋ ಡ್ಯೂಟಿ. ನನಗೆ ಮನಸ್ಸು ಬಂದ ದಿನ ಮಾತ್ರ ಮಾಡೋದಾದ್ರೆ ಅದು ಅವನಿಗೆ ಮಾಡಿದಂಗಲ್ಲ, ನನ್ನ ಮನಸ್ಸಿಗೆ ಮಾಡ್ಕೊಂಡಂಗೆ." ಇಷ್ಟು ಹೇಳಿ ಸೊಪ್ಪಿನವಳ ಹತ್ತಿರ ನೀರು ಕೇಳಿ ಕೈ ತೊಳೆದುಕೊಂಡರು.

ಕೊಡುವವರ ಮೇಲೆ ಅವರ ಕಣ್ಣು ಇನ್ನೂ ಚುರುಕು. ದೊಡ್ಡ ಮನೆಯ ಹೆಂಗಸೊಬ್ಬರು ಬಡವರಿಗೆಂದು ಒಂದು ಗಂಟು ಬಟ್ಟೆ ಕೊಟ್ಟಾಗ ಸಿಸ್ಟರಮ್ಮ ಅಲ್ಲೇ ಗೇಟಿನ ಹತ್ತಿರ ಗಂಟು ಬಿಚ್ಚಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಹುಕ್ಕಿಲ್ಲದ ರವಿಕೆಗಳನ್ನೂ ಜಿಪ್ಪು ಕಿತ್ತ ಪ್ಯಾಂಟನ್ನೂ ಬೇರೆ ಮಾಡಿ, "ಇವನ್ನ ರಿಪೇರಿ ಮಾಡಿಸಿ ಇಟ್ಟಿರಿ, ಮುಂದಿನ ವಾರ ಬರ್ತೀನಿ" ಎಂದು ವಾಪಸು ಕೊಟ್ಟರು. ಆ ಹೆಂಗಸಿನ ಮುಖ ನೋಡಬೇಕಿತ್ತು. ಇಂಥ ಸಿಸ್ಟರಮ್ಮನ ಕಣ್ಣಿಗೇ ಒಂದು ವಿಷಯ ಎಷ್ಟೋ ವರ್ಷ ಬೀಳದೆ ಹೋಯಿತು. ನಾನು ಹೇಳಹೊರಟಿರುವುದು ಅದನ್ನೇ.

ಅವರ ಚರ್ಚಿನಲ್ಲಿ ಹಿಡಿ ಅಕ್ಕಿ ಎಂಬ ಪದ್ಧತಿಯಿತ್ತು. ದಿನವೂ ಅನ್ನಕ್ಕೆ ಅಕ್ಕಿ ಅಳೆದಾಗ, ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ವಾರಕ್ಕೊಮ್ಮೆ ಯಾರಾದರೂ ಬಂದು ಅದನ್ನು ಒಯ್ದು ಇಲ್ಲದವರಿಗೆ ಹಂಚುತ್ತಾರೆ. ಸಿಸ್ಟರಮ್ಮ ಈ ಕೆಲಸವನ್ನು ತಮ್ಮ ಚರ್ಚಿನ ಸಭೆಯ ಮನೆಗಳು ಸಾಲದೆಂದು ಸಿಕ್ಕಿದ ಮನೆಗಳಿಗೆಲ್ಲ ಹಬ್ಬಿಸಿದ್ದರು. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆಯಿಂದ ಕಾಲಲ್ಲಿ ಹುಣ್ಣಾದಾಗ ತಿಂಗಳುಗಟ್ಟಲೆ ಬಂದು ತೊಳೆದು ಕಟ್ಟಿ ವಾಸಿ ಮಾಡಿದ್ದು ಅವರೇ. ಅತ್ತೆ ಅದಕ್ಕೆ ಸೀರೆ ಕೊಡಲು ಹೋದರೆ, "ಸೀರೆ ಬೇಡ ಗೌಡ್ರಮ್ಮ, ದಿನಕ್ಕೊಂದು ಹಿಡಿ ಅಕ್ಕಿ ತೆಗೆದಿಡಿ" ಎಂದಿದ್ದರು. ಅತ್ತೆಗೆ ಇದು ಹೊಸದೇನಲ್ಲ. ಲಿಂಗರಾಜಪುರದ ಸುತ್ತ ನಮ್ಮವರು ರಾಗಿ, ತರಕಾರಿ ಬೆಳೆಯುತ್ತಿದ್ದ ಕಾಲದಲ್ಲಿ ಕಣದಿಂದ ಮೊದಲ ಮೊರ ದೇವಸ್ಥಾನಕ್ಕೆ ಹೋಗುತ್ತಿತ್ತಂತೆ. ಹೊಲ ಹೋಗಿ ಸೈಟುಗಳಾದವು, ಸೈಟಿನ ಮೇಲೆ ಬಾಡಿಗೆ ಮನೆಗಳಾದವು, ತೆಗೆದಿಡುವ ಅಭ್ಯಾಸಕ್ಕೆ ಜಾಗವಿಲ್ಲದಂತಾಗಿತ್ತು. ಅತ್ತೆ ಖುಷಿಯಿಂದಲೇ ಒಪ್ಪಿದರು. ದೀಪ ಹಚ್ಚಿ, ಕೈ ಮುಗಿದು, ಆಮೇಲೆ ಹಿಡಿ ಹಾಕುವರು. ನಾವು ಉಣ್ಣುತ್ತಿದ್ದದ್ದು ಸೋನಾಮಸೂರಿ, ಡಬ್ಬಿಗೆ ಬೀಳುತ್ತಿದ್ದದ್ದು ರೇಷನ್ ಅಕ್ಕಿ, ಅಷ್ಟೇ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಶನಿವಾರ ಬಾಗಿಲಲ್ಲಿ ಇವರು ಚೀಲ ಹಿಡಿದು ನಿಂತದ್ದನ್ನು ಕಂಡು, ಯಾರೋ ಏನೋ ಎಂದು ಅನುಮಾನಿಸಿ, "ಅತ್ತೆ ಸ್ನಾನಕ್ಕೆ ಹೋಗಿದಾರೆ, ಆಮೇಲೆ ಬನ್ನಿ" ಎಂದಿದ್ದೆ. "ಅತ್ತೆ ಸ್ನಾನ ಮಾಡ್ಲಿ, ಅಕ್ಕಿ ಸ್ನಾನ ಮಾಡ್ತಾ ಇಲ್ವಲ್ಲ, ತಗೊಂಡ್ಬಾ" ಎಂದು ಒಳಗೆ ಬಂದು ಕುಳಿತರು. ಅಂದಿನಿಂದ ನಮಗೆ ಸ್ನೇಹವಾಯಿತು. ಶನಿವಾರ ಅವರ ಜೊತೆ ಚೀಲ ಹಿಡಿದು ನಾಲ್ಕು ಮನೆ ತಿರುಗುವುದೆಂದರೆ ನನಗೆ ಅಡುಗೆಮನೆಯಿಂದ ಬಿಡುಗಡೆ.

ಅವರು ಆ ಅಕ್ಕಿ ಕೊಡುತ್ತಿದ್ದ ಮನೆಗಳಲ್ಲಿ ಮುನಿಯಮ್ಮನದೂ ಒಂದು. ಮಾರ್ಕೆಟ್ಟಿನಲ್ಲಿ ಕಸ ಗುಡಿಸುವವಳು, ತಮಿಳಿನವಳು, ರೈಲು ಹಳಿಯ ಪಕ್ಕದ ಶೆಡ್ಡುಗಳಲ್ಲಿ ವಾಸ. ಗಂಡನಿಲ್ಲ. ಬೆಳೆದ ಮಗಳು ಸೆಲ್ವಿ ಕ್ಷಯವಾಗಿ ಮಲಗಿದ್ದಳು. ಆಸ್ಪತ್ರೆಯಿಂದ ಮಾತ್ರೆ ತಂದು, ಎದುರಿಗೆ ನಿಂತು ನುಂಗಿಸುತ್ತಿದ್ದವರು ಸಿಸ್ಟರಮ್ಮನೇ. "ಮಾತ್ರೆ ದೊಡ್ಡದಲ್ಲಮ್ಮ" ಎಂದು ನನಗೆ ಹೇಳುತ್ತಿದ್ದರು, "ಹೊಟ್ಟೆಗೆ ಒಂದಿಷ್ಟು ಬಿದ್ದಿದ್ರೆ ಮಾತ್ರ ಅವಳಿಗೆ ಅದು ನಿಲ್ಲುತ್ತೆ. ಇಲ್ದಿದ್ರೆ ವಾಂತಿ. ನಾಲ್ಕು ದಿನ ವಾಂತಿ ಮಾಡ್ಕೊಂಡ್ರೆ ಮಾತ್ರೆನೇ ಬೇಡ ಅಂತಾಳೆ. ಅರ್ಧಕ್ಕೆ ಬಿಟ್ರೆ ಈ ಕಾಯಿಲೆ ಮತ್ತೆ ಮಾತು ಕೇಳಲ್ಲ, ಹುಡುಗಿ ಕೈ ಬಿಟ್ಟು ಹೋಗ್ತಾಳೆ." ಸೆಲ್ವಿ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿದ್ದಳು. ಅಕ್ಕಿ ಹೋಗುತ್ತಿತ್ತು, ಮಾತ್ರೆ ಹೋಗುತ್ತಿತ್ತು, ಆದರೂ ಆ ಹುಡುಗಿಯ ಮೈ ಮೇಲೆ ಒಂದು ಎಳೆ ಮಾಂಸ ಹತ್ತುತ್ತಿರಲಿಲ್ಲ. ಸಿಸ್ಟರಮ್ಮನಿಗೆ ಇದು ಅರ್ಥವಾಗದೆ ತಲೆ ಕೆಟ್ಟುಹೋಗಿತ್ತು.

ಹೀಗಿರುವಾಗ ಅತ್ತೆ ರಾಗಿ ಬೀಸಿಸಲು ಕಮ್ಮನಹಳ್ಳಿಗೆ ಹೋದರು. ಗಿರಣಿಯ ಪಕ್ಕದಲ್ಲಿ ಕೋಳಿ ಸಾಕಿ ಮಾರುವವನ ಅಂಗಡಿ. ಅಲ್ಲಿ ಮುನಿಯಮ್ಮ ನಿಂತು, ಸಿಸ್ಟರಮ್ಮ ಕೊಟ್ಟ ಅದೇ ಚೀಲದ ಅಕ್ಕಿಯನ್ನು ಕೋಳಿಯವನ ಡಬ್ಬಕ್ಕೆ ಸುರಿಯುತ್ತಿದ್ದಳು. ಅವನು ಅದಕ್ಕೆ ಬದಲಾಗಿ ಏನೋ ಒಂದು ಚಿಕ್ಕ ಪೊಟ್ಟಣ ಕೊಟ್ಟ. ಸುರಿದ ಅಕ್ಕಿಯಿಂದ ಒಂದು ಹಿಡಿ ತೆಗೆದು ಅವನು ಅಲ್ಲೇ ಕೋಳಿಗಳಿಗೆ ಎರಚಿದ್ದನ್ನು ಅತ್ತೆ ಕಣ್ಣಾರೆ ಕಂಡರು. ರಾಗಿ ಹಿಟ್ಟನ್ನು ಅಲ್ಲೇ ಮರೆತು ಮನೆಗೆ ಬಂದರು.

ಶನಿವಾರ ಸಿಸ್ಟರಮ್ಮ ಬಂದಾಗ ಅತ್ತೆ ಗೇಟಿನಲ್ಲೇ ತಡೆದರು. "ನಾನು ದೇವರ ಮುಂದೆ ದೀಪ ಹಚ್ಚಿ ತೆಗೆದಿಟ್ಟ ಅಕ್ಕಿ ಸಿಸ್ಟರಮ್ಮ. ನಿಮ್ಮ ಮುನಿಯಮ್ಮ ಕೋಳಿಯವನಿಗೆ ಸುರಿದಿದಾಳೆ, ಕೋಳಿ ತಿಂತಾ ಇದಾವೆ. ನನ್ನ ಕಣ್ಣಾರೆ ನೋಡ್ದೆ."

"ಯಾಕೆ ಹಂಗೆ ಮಾಡಿದ್ಲು ಅಂತ ಕೇಳಿದ್ರಾ?"

"ಕೇಳೋದೇನಿದೆ? ಹೊಟ್ಟೆ ತುಂಬಿದೆ ಅವಳಿಗೆ."

"ಹೊಟ್ಟೆ ತುಂಬಿದೋರು ನಾನು, ನೀವು" ಎಂದು ಸಿಸ್ಟರಮ್ಮ ದನಿ ಎತ್ತರಿಸಿದರು. ಅತ್ತೆ ಅದಕ್ಕಿಂತ ಎತ್ತರಿಸಿದರು. "ನನ್ನ ಮನೆ ಮುಂದೆ ನಿಂತು ನನಗೇ ಅಂತೀರಾ? ನಾಳೆಯಿಂದ ನಮ್ಮನೆ ಹಿಡಿ ನಿಂತ್ಹೋಯ್ತು, ಹೋಗಿ." ಮಹಡಿಗಳಿಂದ, ಕಿಟಕಿಗಳಿಂದ ಮುಖಗಳು ಹೊರಬಂದವು. ಆ ವಾರ ನಮ್ಮ ಬೀದಿಯಲ್ಲಿ ಒಬ್ಬರೂ ಅಕ್ಕಿ ಹಾಕಲಿಲ್ಲ. ಮಾತು ಚರ್ಚಿನವರೆಗೂ ಹೋಯಿತು. ಸಭೆಯಲ್ಲಿ ಟೈ ಕಟ್ಟುವ ಒಬ್ಬ ಹಿರಿಯರಿದ್ದರು, ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದವರು. ಮುನಿಯಮ್ಮ ಬರುವ ಭಾನುವಾರ ಆರಾಧನೆಯಾದ ಮೇಲೆ ಎಲ್ಲರೆದುರು ತಪ್ಪಾಯಿತೆಂದು ಹೇಳಬೇಕು, ಹೇಳದಿದ್ದರೆ ಅವಳಿಗೆ ಅಕ್ಕಿ ಇಲ್ಲ, ಶೆಡ್ಡಿನ ಮಿಕ್ಕವರಿಗೂ ವಿಚಾರಿಸಿಯೇ ಕೊಡುವುದು ಎಂದು ಅವರು ತೀರ್ಮಾನ ಮಾಡಿದರು.

ಸಿಸ್ಟರಮ್ಮನಿಗೂ ಮುನಿಯಮ್ಮನ ಮೇಲೆ ಸಿಟ್ಟು ಬಂದಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. "ಆ ಹುಡುಗಿ ಬಾಯಿಂದ ಕಿತ್ತು ಕೋಳಿಗೆ ಹಾಕೋದಾ? ಬಾ ನನ್ನ ಜೊತೆ" ಎಂದು ಒಂದು ಮಧ್ಯಾಹ್ನ ನನ್ನನ್ನು ಎಳೆದುಕೊಂಡು ಹೊರಟರು. ಅತ್ತೆಗೆ ನಾನು ಹೇಳೇ ಇರಲಿಲ್ಲ ಎನ್ನುವುದಕ್ಕಿಂತ, ಅತ್ತೆ ನೋಡಿಯೂ ನೋಡದಂತೆ ಒಳಗೆ ಹೋದರು ಎನ್ನುವುದು ಸರಿ.

ಮುನಿಯಮ್ಮನ ಶೆಡ್ಡು ಎರಡು ಮಂಚದಷ್ಟು ಜಾಗ. ಸಾರಿಸಿದ ನೆಲ, ತಿಕ್ಕಿ ಹೊಳೆಯುವ ಎರಡು ಪಾತ್ರೆ. ಸೆಲ್ವಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸಿಸ್ಟರಮ್ಮ ಕುಳಿತು, "ಮುನಿಯಮ್ಮ, ಇವತ್ತು ನಿನ್ನ ಮನೇಲಿ ಊಟ ಮಾಡ್ತೀನಿ" ಎಂದರು. ಮುನಿಯಮ್ಮನ ಮುಖ ಬಿಳಿಚಿತು.

"ಬೇಡ ಮಾ. ಟೀ, ಬನ್ನು ತರ್ತೀನಿ ಮಾ. ಇಲ್ಲಿ ಊಟ ನಿಮಗೆ ಸರಿಹೋಗಲ್ಲ."

"ಯಾಕೆ, ನಾನು ಕೊಟ್ಟ ಅಕ್ಕಿ ಮನೇಲಿಲ್ವಾ?"

"ಇದೆ ಮಾ."

"ಹಂಗಾದ್ರೆ ಅದನ್ನೇ ಬೇಯಿಸು."

ಮುನಿಯಮ್ಮ ಬೇರೆ ದಾರಿಯಿಲ್ಲದೆ ಒಲೆ ಉರಿಸಿದಳು. ಅವಳು ಮೊರಕ್ಕೆ ಅಕ್ಕಿ ಹಾಕಿದ ಕೂಡಲೇ ನಾನು ಬಗ್ಗಿ ನೋಡಿದೆ. ಅಷ್ಟು ದಿನ ನಾನೇ ಚೀಲ ಹಿಡಿದು ತಿರುಗಿದ್ದೆ, ಪ್ರತಿ ಮನೆಯ ಡಬ್ಬಿಯನ್ನೂ ಚೀಲಕ್ಕೆ ಬಗ್ಗಿಸಿದ್ದೆ. ಆದರೆ ಎಲ್ಲವೂ ಸೇರಿ ಒಂದು ಮೊರದಲ್ಲಿ ಹರಡಿಕೊಂಡದ್ದನ್ನು ನೋಡಿದ್ದು ಅಂದೇ. ನಮ್ಮ ರೇಷನ್ ಅಕ್ಕಿ, ಪಕ್ಕದ ಮನೆಯವರ ದಪ್ಪ ಕುಸುಬಲಕ್ಕಿ, ಮೂಲೆ ಮನೆಯವರ ದೋಸೆ ಅಕ್ಕಿ, ಯಾರದೋ ಹಳೇ ಸೋನಾ, ಯಾರದೋ ಹೊಸ ಅಕ್ಕಿ, ಬಿರಿಯಾನಿ ಮಾಡಿದ ದಿನದ ಉದ್ದನೆಯ ಅಕ್ಕಿ. ಇದು ಬೇಯುವುದುಂಟೇ? ನೀರು ಕುದಿ ಬಂದದ್ದೇ ಹೊಸ ಅಕ್ಕಿ ಒಡೆದು ಅಂಟಾಯಿತು. ಕುಸುಬಲಕ್ಕಿ ಕಲ್ಲಿನ ಹಾಗೆ ಕೂತಿತ್ತು. ಅದು ಬೇಯಲೆಂದು ಮುನಿಯಮ್ಮ ನೀರು ಹಾಕಿದಳು, ಮತ್ತೆ ಹಾಕಿದಳು. ಮಿಕ್ಕದ್ದೆಲ್ಲ ಕರಗಿ ತಳ ಹತ್ತಿತು. ಕೊನೆಗೆ ತಟ್ಟೆಗೆ ಬಿದ್ದದ್ದು ಗಂಜಿಯೂ ಅಲ್ಲ, ಅನ್ನವೂ ಅಲ್ಲ.

ಸಿಸ್ಟರಮ್ಮ ಪ್ರಾರ್ಥನೆ ಮಾಡಿ ಮೊದಲ ತುತ್ತು ಬಾಯಿಗಿಟ್ಟರು. ಅವರ ಹಲ್ಲಿಗೆ ಬೇಯದ ಕಾಳು ಸಿಕ್ಕಿದ ಸದ್ದು ನನಗೆ ಕೇಳಿಸಿತು. ನಾನು ಒಂದು ತುತ್ತು ನುಂಗಲು ಒದ್ದಾಡಿದೆ. ಅವರು ಮುಖ ಸಿಂಡರಿಸದೆ, ತಟ್ಟೆ ಖಾಲಿಯಾಗುವ ತನಕ ಉಂಡರು. ಸೆಲ್ವಿ ಎದ್ದು ಕೂತು ಬೆರಳ ತುದಿಯಲ್ಲಿ ಒಂದಿಷ್ಟು ಮುಟ್ಟಿ, ತಟ್ಟೆ ದೂಡಿ ಮತ್ತೆ ಮಲಗಿದಳು.

"ದಿನಾ ಹಿಂಗೇನಾ?" ಸಿಸ್ಟರಮ್ಮ ಕೇಳಿದರು.

"ಮೊದಲಿಂದಾನೂ ಹಿಂಗೇ ಮಾ. ಮಗುಗೆ ಹೊಟ್ಟೆ ನೋವು ಬರುತ್ತೆ. ಅದಕ್ಕೇ ಆವಾಗಾವಾಗ ಕೋಳಿಯವನಿಗೆ ಕೊಟ್ಟು ಒಂದೇ ತರ ಅಕ್ಕಿ ತರ್ತೀನಿ. ಕೊಂಚನೇ ಕೊಡ್ತಾನೆ. ಆದ್ರೂ ಅವತ್ತು ಮಗು ಉಣ್ಣುತ್ತೆ."

"ನನಗ್ಯಾಕೆ ಹೇಳ್ಲಿಲ್ಲ?"

ಮುನಿಯಮ್ಮ ತಲೆ ತಗ್ಗಿಸಿ ನೆಲ ಒರೆಸತೊಡಗಿದಳು. "ಕೊಡೋರ ಹತ್ರ ಇದು ಸರಿಯಿಲ್ಲ ಅಂತ ಹೆಂಗ್ ಮಾ ಹೇಳೋದು? ಅದೂ ನಿಂತೋದ್ರೆ?"

ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ನಿಧಾನಕ್ಕೆ ಹೋಗುತ್ತಿತ್ತು. ಸಿಸ್ಟರಮ್ಮ ಛತ್ರಿಯ ಮೇಲೆ ಭಾರ ಹಾಕಿ ನಿಂತು, ಚಿಕ್ಕ ಹುಡುಗಿಯ ಹಾಗೆ ನನ್ನನ್ನು ಕೇಳಿದರು: "ಎಲ್ಲಾ ಅಕ್ಕಿನೂ ಒಂದೇ ತರ ಬೇಯಲ್ವೇನಮ್ಮ?"

"ಇಲ್ಲ ಸಿಸ್ಟರಮ್ಮ. ಒಂದೊಂದಕ್ಕೆ ಒಂದೊಂದು ನೀರು, ಒಂದೊಂದು ಹೊತ್ತು."

"ನನಗೆ ಗೊತ್ತಿರ್ಲಿಲ್ಲ. ಮೆಸ್ಸಲ್ಲಿ ತಟ್ಟೆಗೆ ಬರ್ತಿತ್ತು, ತಿಂತಿದ್ದೆ." ರೈಲು ಹೋಗಿ ಗೇಟು ತೆರೆದರೂ ಅವರು ಕಾಲು ಕೀಳಲಿಲ್ಲ. "ಹರಕಲು ರವಿಕೆ ವಾಪಸ್ ಕೊಡ್ತಿದ್ದೋಳು ನಾನು" ಎಂದರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಹುಳು ಬಿದ್ದ ಕಾಲು ಹಿಡಿದಾಗಲೂ ಅಲುಗದ ಹೆಂಗಸು ಅಳುವುದನ್ನು ಕಂಡು ನನಗೆ ಏನು ಮಾಡಬೇಕೋ ತೋಚದೆ ಅವರ ಕೈಯಿಂದ ಚೀಲ ತೆಗೆದುಕೊಂಡೆ.

ಭಾನುವಾರ ಚರ್ಚಿಗೆ ಅತ್ತೆಯನ್ನೂ ಕರೆಸಿದ್ದರು, ಕಣ್ಣಾರೆ ಕಂಡವರೆಂದು. ನಾನು ಜೊತೆಗೆ ಹೋದೆ. ನೋಡಿದ್ದನ್ನೆಲ್ಲ ನಾನು ಅತ್ತೆಗೆ ಹೇಳಲು ಎಷ್ಟು ಸಲ ಬಾಯಿ ತೆರೆದರೂ ಅವರು "ಆ ವಿಷಯ ನನ್ನ ಹತ್ರ ಎತ್ಬೇಡ" ಎಂದು ಮುಗಿಸಿಬಿಟ್ಟಿದ್ದರು. ಆರಾಧನೆ ಮುಗಿದ ಮೇಲೂ ಜನ ಏಳಲಿಲ್ಲ. ಮುನಿಯಮ್ಮ ಒಗೆದ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಟೈ ಕಟ್ಟಿದ ಹಿರಿಯರು ಎದ್ದು, ಸಭೆಯ ಕಾಣಿಕೆಗೆ ಅಗೌರವವಾಗಿದೆ, ಆ ಹೆಂಗಸು ಮುಂದೆ ಬರಲಿ ಎಂದರು. ಮುನಿಯಮ್ಮ ಎದ್ದಳು. ಅವಳು ಮುಂದೆ ಬರುವ ಮೊದಲೇ ಸಿಸ್ಟರಮ್ಮ ತಮ್ಮ ಜಾಗದಿಂದ ಎದ್ದು, ಬೂಟಿನ ಸದ್ದು ಮಾಡುತ್ತ ಅವಳಿದ್ದಲ್ಲಿಗೇ ಹೋಗಿ ಎದುರಿಗೆ ನಿಂತರು.

"ತಪ್ಪು ಹೇಳ್ಬೇಕಾದೋಳು ನಾನು" ಎಂದರು. ಅಷ್ಟು ದೊಡ್ಡ ದನಿಯೇನಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಮುನಿಯಮ್ಮ, ಹತ್ತು ಮನೆ ಅಕ್ಕಿ ಒಂದೇ ಚೀಲಕ್ಕೆ ಸುರಿದು ನಿನಗೆ ತಂದುಕೊಟ್ಟೆ. ಅದು ಬೇಯುತ್ತಾ, ಮನುಷ್ಯರು ತಿನ್ನಕ್ಕಾಗುತ್ತಾ ಅಂತ ಒಂದು ದಿನ ಬೇಯಿಸಿ ನೋಡ್ಲಿಲ್ಲ. ನಿನ್ನ ಮಗಳು ಅದನ್ನ ತಿಂದು ಹೊಟ್ಟೆ ಹಿಡ್ಕೊಂಡು ಮಲಗಿದ್ಲು, ನಾನು ಮಾತ್ರೆ ನುಂಗು ಅಂತ ಅವಳಿಗೇ ಬೈದೆ. ನಾನು ಹಸಿದಿದ್ದಾಗ ನೀನು ಏನು ಕೊಟ್ಟೆ ಅಂತ ಸ್ವಾಮಿ ನನ್ನ ಕೇಳ್ತಾರೆ. ಏನು ಹೇಳ್ಲಿ? ನನ್ನನ್ನ ಕ್ಷಮಿಸು."

ಆಮೇಲೆ ಅದನ್ನೇ ತಮಿಳಿನಲ್ಲಿ ಹೇಳಿ ಕೈ ಮುಗಿದರು. ಆ ಹಿರಿಯರು ನಿಂತೇ ಇದ್ದವರು ಮೆಲ್ಲಗೆ ಕುಳಿತರು. ಬಡವರಿಗೆ ಕೊಟ್ಟವರನ್ನು ನಾನು ಎಷ್ಟೋ ಜನರನ್ನು ಕಂಡಿದ್ದೇನೆ, ಕೊಟ್ಟದ್ದಕ್ಕಾಗಿ ಕ್ಷಮೆ ಕೇಳಿದವರನ್ನು ಆ ಮೊದಲೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ.

ಮುನಿಯಮ್ಮ ಗಾಬರಿಯಿಂದ ಆ ಮುಗಿದ ಕೈಗಳನ್ನು ಹಿಡಿದು ಬಿಡಿಸಿದಳು. "ಅಯ್ಯೋ, ಅದಲ್ಲ ಮಾ. ನೀವು ನಮ್ಮನೆಗೆ ಊಟಕ್ಕೆ ಬಂದ್ರಿ. ಬಂದೋರಿಗೆ ಆ ಅನ್ನ ಬಡಿಸ್ಬಿಟ್ಟೆನಲ್ಲ ಮಾ ನಾನು. ಅದೇ ನನಗೆ ಸಂಕಟ, ನಿದ್ದೆನೇ ಬರ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಂದು ಸಲ ಬನ್ನಿ ಮಾ. ಸರಿಯಾಗಿ ಬೇಯಿಸಿ ಹಾಕ್ತೀನಿ."

ಸಿಸ್ಟರಮ್ಮ "ಬರ್ತೀನಿ" ಎಂದರು.

ಅತ್ತೆ ನನಗಿಂತ ಮುಂದೆ ಬಿರಬಿರನೆ ನಡೆದರು. ಮನೆ ಹತ್ತಿರ ಬಂದಾಗ, "ಏನೇ ಆದ್ರೂ ಕೋಳಿಗೆ ಹಾಕ್ಬಾರ್ದಿತ್ತು" ಎಂದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೀರು ಕುಡಿದು, ಅಡುಗೆಮನೆಯಿಂದಲೇ ಕೂಗಿದರು: "ಏ ಹುಡುಗಿ, ನಾಳೆಯಿಂದ ನಾವು ತಿನ್ನೋದರಲ್ಲೇ ತೆಗೆದು ಹಾಕು." ಸ್ವಲ್ಪ ಹೊತ್ತಿನ ಮೇಲೆ ಒಂದು ಚೀಲದಲ್ಲಿ ನಮ್ಮ ಸೋನಾಮಸೂರಿ ತುಂಬಿ, ಬಾಯಿ ಕಟ್ಟಿ, ನನ್ನ ಮುಂದಿಟ್ಟು, ಇದನ್ನು ಯಾರು ಕೊಟ್ಟರೆಂದು ಹೇಳಬೇಡ ಎಂದರು. ನಾಲ್ಕು ಜನಕ್ಕೆ ತಿಳಿಯದಂತೆ ನಮ್ಮತ್ತೆ ಏನಾದರೂ ಕೊಟ್ಟದ್ದು ನನಗೆ ಗೊತ್ತಿರುವಂತೆ ಅದೇ ಮೊದಲು.

ಆಮೇಲೆ ಸಿಸ್ಟರಮ್ಮ ಬೇರೆ ಬೇರೆ ಬಣ್ಣದ ಚೀಲ ಹೊಲಿಸಿಕೊಂಡರು, ಒಂದೊಂದು ಜಾತಿಯ ಅಕ್ಕಿಗೆ ಒಂದೊಂದು. ನನ್ನ ಹತ್ತಿರ ಅನ್ನ ಮಾಡುವುದನ್ನು ಕಲಿತರು. ಆ ವಯಸ್ಸಿನಲ್ಲಿ, ಸೀಮೆಣ್ಣೆ ಸ್ಟವ್ವಿನ ಮುಂದೆ ನಿಂತು, ಅಗುಳು ಹಿಸುಕಿ ನೋಡುತ್ತ, "ಆಯ್ತಾ? ಇನ್ನೂ ಬೇಕಾ?" ಎಂದು ನನ್ನ ಮುಖ ನೋಡುವರು. ಸಾಯುವವರೆಗೂ ಪ್ರತಿ ಶನಿವಾರ ಒಂದೊಂದು ಚೀಲದಿಂದಲೂ ಒಂದಿಷ್ಟು ಬೇಯಿಸಿ, ತಾವು ಉಂಡು, ಆಮೇಲೇ ಹಂಚಲು ಹೋಗುತ್ತಿದ್ದರು. ಇದೆಲ್ಲ ನಂತರದ ಮಾತು. ನನ್ನ ಕಣ್ಣಲ್ಲಿ ಸಿಸ್ಟರಮ್ಮ ಎಂದರೆ ಈಗಲೂ ನಿಲ್ಲುವುದು ಮರುವಾರದ ಆ ಊಟ.

ಮುನಿಯಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಳು. ಒಳಗೆ ಕಾಲಿಟ್ಟರೆ ಅನ್ನದ ಘಮ. ಬಾಳೆಲೆ ತರಲಾಗದೆ ತಟ್ಟೆಗಳನ್ನೇ ತೊಳೆದು ಸಾಲಾಗಿ ಇಟ್ಟಿದ್ದಳು. ಅತ್ತೆ ಕಳಿಸಿದ ಅಕ್ಕಿಯ ಅನ್ನ ಬಿಡಿಬಿಡಿಯಾಗಿ ಮಲ್ಲಿಗೆ ಮೊಗ್ಗಿನ ಹಾಗಿತ್ತು, ಮೇಲೆ ಟೊಮೆಟೊ ಸಾರು, ಪಕ್ಕದಲ್ಲಿ ಹುರಿದ ಆಲೂಗೆಡ್ಡೆ. ಸಿಸ್ಟರಮ್ಮ ಬೂಟು ಕಳಚಿ ನೆಲದ ಮೇಲೆ ಕುಳಿತರು. ಮುನಿಯಮ್ಮ ಎದೆ ಸೆಟೆಸಿಕೊಂಡು ಬಡಿಸಿದಳು. ಬಡಿಸುವಾಗ ಅವಳು ಮಾರ್ಕೆಟ್ಟಿನ ಕಸ ಗುಡಿಸುವವಳಾಗಿರಲಿಲ್ಲ, ಆ ಮನೆಯ ಯಜಮಾನಿಯಾಗಿದ್ದಳು. ಸೆಲ್ವಿ ಗೋಡೆಗೆ ಒರಗಿ ಕುಳಿತು ತುತ್ತು ತುತ್ತಾಗಿ ಉಣ್ಣುತ್ತಿದ್ದಳು. ಸಿಸ್ಟರಮ್ಮ ಓರೆಗಣ್ಣಿನಲ್ಲಿ ಅವಳ ತಟ್ಟೆಯನ್ನೇ ನೋಡುತ್ತಿದ್ದರು. ಇವರು ಉಣ್ಣುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದಾರೆಂದು ನನಗೆ ತಿಳಿಯಿತು, ನಾನೂ ಕೈ ನಿಲ್ಲಿಸಿದೆ.

ತಟ್ಟೆ ಖಾಲಿಯಾಯಿತು. ಸೆಲ್ವಿ ತಾಯಿಯ ಕಡೆಗೆ ತಟ್ಟೆ ಚಾಚಿ, "ಇನ್ನೂ ಕೊಂಚ ಹಾಕಮ್ಮ" ಎಂದಳು.

ಮುನಿಯಮ್ಮನ ಕೈಯಲ್ಲಿ ಸೌಟು ಹಾಗೇ ನಿಂತುಬಿಟ್ಟಿತು. ಆಗ ಸಿಸ್ಟರಮ್ಮ, ಜೀವಮಾನವಿಡೀ ಕೊಡುವುದಕ್ಕೆ ಮಾತ್ರ ಚಾಚಿದ್ದ ಎರಡೂ ಕೈಗಳಲ್ಲಿ ತಮ್ಮ ತಟ್ಟೆ ಹಿಡಿದು ಮುಂದೆ ಚಾಚಿದರು.

"ನನಗೂ ಹಾಕು ಮುನಿಯಮ್ಮ" ಎಂದರು.